ಎನ್‌ಡಿಎ ಪ್ರವೇಶ: ಈ ಹುಡುಗನ ಸಾಧ್ಯತೆಯನ್ನು ಹೇಗೆ ಅಳೆಯಬೇಕು?

ಪಿಯು ಉಪನ್ಯಾಸಕ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಒಬ್ಬ ವಿದ್ಯಾರ್ಥಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿರುವ, ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಸೇರಲೇಬೇಕೆಂದು ಹಟ ಹಿಡಿದಿದ್ದಾನೆ. ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಎಸ್‌ಎಸ್‌ಎಲ್‌ಸಿಯಲ್ಲಿ ಶೇ 93, ಪ್ರಥಮ ಪಿಯುಸಿಯಲ್ಲಿ ಶೇ 86 ಅಂಕ ಬಂದಿವೆ. ಜಿಲ್ಲಾ ಮಟ್ಟದ ಕಬಡ್ಡಿ ಆಟಗಾರ. 2008ರ ಆಗಸ್ಟ್‌ನಲ್ಲಿ ಹುಟ್ಟಿದ್ದಾನೆ. ಕಳೆದ ವರ್ಷದಿಂದ ಕನ್ನಡಕ ಹಾಕುತ್ತಿದ್ದಾನೆ. ತಂದೆ ಗೋವಿನಜೋಳ ಮತ್ತು ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸಣ್ಣ ರೈತರು.

ನಗರದ ಒಂದು ತರಬೇತಿ ಕೇಂದ್ರದವರು ಅಂಕಪಟ್ಟಿ ನೋಡಿ 'ನೂರಕ್ಕೆ ಎಂಬತ್ತು ಪಾಲು ಆಯ್ಕೆ ಖಚಿತ' ಎಂದು ಹೇಳಿ ದೊಡ್ಡ ಮೊತ್ತದ ಶುಲ್ಕ ಕೇಳಿದ್ದಾರೆ. ಅದಕ್ಕಾಗಿ ಸಾಲ ಮಾಡಬೇಕೇ ಬೇಡವೇ ಎಂದು ತಂದೆ ನನ್ನನ್ನು ಕೇಳಿದ್ದಾರೆ. ನಾನು ಭೌತಶಾಸ್ತ್ರ ಕಲಿಸುವವನು. ಈ ಆಯ್ಕೆಯ ಒಳಹೊರಗು ನನಗೆ ಗೊತ್ತಿಲ್ಲ. ಇಂಥ ಹುಡುಗನ ಸಾಧ್ಯತೆಯನ್ನು ಪ್ರಾಮಾಣಿಕವಾಗಿ ಅಳೆಯುವುದು ಹೇಗೆ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಸೇನಾಧಿಕಾರಿ, ಮೈಸೂರು

ಉಪನ್ಯಾಸಕರಿಗೆ ನಮಸ್ಕಾರ. ಎಂಬತ್ತು ಎಂದವರ ಮಾತನ್ನು ಬದಿಗಿಡಿ. ಹಾಗೆಯೇ, ಅರ್ಜಿ ಹಾಕುವವರು ಲಕ್ಷಗಟ್ಟಲೆ, ಸೀಟು ಸುಮಾರು 400, ಆದ್ದರಿಂದ ಆಸೆ ಬಿಡಿ ಎನ್ನುವವರ ಮಾತನ್ನೂ ಬದಿಗಿಡಿ. ಆ ಭಾಗಾಕಾರದ ಉತ್ತರ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಆಗಿರುವುದರಿಂದ ಅದು ಈ ಹುಡುಗನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎನ್‌ಡಿಎ ಆಯ್ಕೆಯಲ್ಲಿ ಒಂದರ ನಂತರ ಒಂದು ಹಂತ ದಾಟಬೇಕು: ವಯಸ್ಸು ಮತ್ತು ವಿದ್ಯಾರ್ಹತೆ, ಯುಪಿಎಸ್‌ಸಿಯ ಲಿಖಿತ ಪರೀಕ್ಷೆ, ಸೇನೆಯ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಐದು ದಿನಗಳ ಸಂದರ್ಶನ, ವೈದ್ಯಕೀಯ ಪರೀಕ್ಷೆ, ಕೊನೆಗೆ ಅರ್ಹತಾ ಪಟ್ಟಿ. ಒಂದು ಹಂತದ ಬಲ ಇನ್ನೊಂದು ಹಂತದ ಕೊರತೆಯನ್ನು ತುಂಬುವುದು ಬಹಳ ಕಡಿಮೆ. ಶೇ 98 ಅಂಕ ಪಡೆದವನಿಗೂ ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಸರಾಸರಿ ಸಾಧ್ಯತೆಯನ್ನು ಹುಡುಕದೆ, ಪ್ರತಿ ಹಂತದಲ್ಲಿ ಈತ ಎಲ್ಲಿ ನಿಂತಿದ್ದಾನೆ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. ಅದರಲ್ಲೂ ನಮ್ಮ ಪ್ರಯತ್ನದಿಂದ ಬದಲಾಗದ ಸಂಗತಿಗಳನ್ನು ಮೊದಲು ನೋಡಿ. ವೈದ್ಯಕೀಯ ಪರೀಕ್ಷೆ ನಡೆಯುವುದು ಕೊನೆಯಲ್ಲಾದರೂ ವಿಚಾರಿಸಬೇಕಾದದ್ದು ಎಲ್ಲಕ್ಕಿಂತ ಮೊದಲು.

ವಯಸ್ಸಿನ ಲೆಕ್ಕ ಹೀಗಿದೆ. ತರಬೇತಿ ಆರಂಭವಾಗುವ ಹೊತ್ತಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿರಬೇಕು. ವರ್ಷದ ಮೊದಲ ಪರೀಕ್ಷೆ ಬರೆದವರಿಗೆ ಮುಂದಿನ ಜನವರಿಯಲ್ಲಿ, ಎರಡನೆಯದನ್ನು ಬರೆದವರಿಗೆ ಮುಂದಿನ ಜುಲೈನಲ್ಲಿ ತರಬೇತಿ ಆರಂಭವಾಗುತ್ತದೆ. ಈ ಪ್ರಕಾರ 2008ರ ಆಗಸ್ಟ್‌ನಲ್ಲಿ ಹುಟ್ಟಿದವನಿಗೆ 2026ರ ಏಪ್ರಿಲ್, 2026ರ ಸೆಪ್ಟೆಂಬರ್ ಮತ್ತು 2027ರ ಏಪ್ರಿಲ್ ಪರೀಕ್ಷೆಗಳು ಉಳಿದಿವೆ. 2027ರ ಸೆಪ್ಟೆಂಬರ್ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಇದನ್ನು ಇವತ್ತೇ ಅವನ ತಂದೆಗೆ ಹೇಳಿ. ಎಷ್ಟೋ ಮನೆಗಳಲ್ಲಿ 'ಪಿಯುಸಿ ಮುಗಿಯಲಿ, ಆಮೇಲೆ ನೋಡೋಣ' ಎನ್ನುತ್ತಲೇ ಒಂದು ಅವಕಾಶ ಕೈಬಿಟ್ಟುಹೋಗುತ್ತದೆ. ದ್ವಿತೀಯ ಪಿಯುಸಿ ಓದುತ್ತಿರುವವರೂ ಅರ್ಜಿ ಹಾಕಬಹುದು.

ನೇತ್ರವೈದ್ಯೆ, ಹುಬ್ಬಳ್ಳಿ

ಕನ್ನಡಕದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಕನ್ನಡಕವಿದ್ದ ಮಾತ್ರಕ್ಕೆ ಎಲ್ಲ ಬಾಗಿಲೂ ಮುಚ್ಚುವುದಿಲ್ಲ, ಆದರೆ ಕೆಲವು ಖಂಡಿತ ಮುಚ್ಚುತ್ತವೆ. ವಾಯುಪಡೆಯ ಫ್ಲೈಯಿಂಗ್ ಶಾಖೆಗೆ ಸಮೀಪದೃಷ್ಟಿ ಇರಲೇಬಾರದು. ನೌಕಾಪಡೆಯ ಮಿತಿ ಬಿಗಿಯಾಗಿದೆ. ಭೂಸೇನೆಗೆ ಮೈನಸ್ 2.5 ಡಯಾಪ್ಟರ್‌ವರೆಗೆ ಅವಕಾಶವಿದ್ದು, ಕನ್ನಡಕ ಹಾಕಿದಾಗ ದೃಷ್ಟಿ ಪೂರ್ಣ ಸರಿಯಾಗಬೇಕು. ಅಧಿಸೂಚನೆಯ ಅನುಬಂಧದಲ್ಲಿ ಪ್ರತಿ ಸೇವೆಗೂ ಪ್ರತ್ಯೇಕ ಕೋಷ್ಟಕವಿದೆ. ಅದನ್ನು ಮುದ್ರಿಸಿಕೊಂಡು ವೈದ್ಯರ ಬಳಿಗೆ ಹೋದರೆ ಹತ್ತು ನಿಮಿಷದ ಕೆಲಸ.

ಎರಡು ಎಚ್ಚರಿಕೆಗಳು. ಕನ್ನಡಕ ತೆಗೆಸುತ್ತೇವೆಂದು ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಬೇಡಿ. ಎನ್‌ಡಿಎ ಅಭ್ಯರ್ಥಿಗಳಲ್ಲಿ ಅದನ್ನು ಒಪ್ಪುವುದಿಲ್ಲ. ಸರಿಪಡಿಸಲು ಹೋಗಿ ಶಾಶ್ವತವಾಗಿ ಅನರ್ಹರಾದಂತಾಗುತ್ತದೆ. ಇನ್ನೊಂದು ಬಣ್ಣದ ಪರೀಕ್ಷೆ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರ ಪುಸ್ತಕ ಸಾಮಾನ್ಯವಾಗಿ ಎಲ್ಲ ನೇತ್ರ ಚಿಕಿತ್ಸಾಲಯಗಳಲ್ಲೂ ಇರುತ್ತದೆ. ಕೆಂಪು–ಹಸಿರು ವ್ಯತ್ಯಾಸ ಕಾಣದ ಗಂಡುಮಕ್ಕಳಿಗೆ ಹದಿನೇಳು ವರ್ಷವಾದರೂ ಅದರ ಅರಿವೇ ಇರುವುದಿಲ್ಲ, ಏಕೆಂದರೆ ಅವರು ಹುಟ್ಟಿನಿಂದ ನೋಡುತ್ತಿರುವುದೇ ಹಾಗೆ. ತರಬೇತಿಗೆ ಹಣ ಕಟ್ಟುವ ಮುಂಚೆ ಈ ಪರೀಕ್ಷೆ ಆಗಲೇಬೇಕು.

ಕಣ್ಣಲ್ಲದೆ ಚಪ್ಪಟೆ ಪಾದ, ನಿಂತಾಗ ಮೊಣಕಾಲುಗಳು ಒಂದಕ್ಕೊಂದು ತಾಗುವುದು, ಕಿವಿಯ ತಮಟೆಯ ರಂಧ್ರ, ಹಚ್ಚೆ ಇವುಗಳನ್ನೂ ನೋಡುತ್ತಾರೆ. ಕೆಲವು ದೋಷಗಳಿಗೆ ತಾತ್ಕಾಲಿಕ ಅನರ್ಹತೆ ಎಂದು ಬರೆದು, ಚಿಕಿತ್ಸೆ ಪಡೆದು ಮರುಪರೀಕ್ಷೆಗೆ ಬರಲು ಕಾಲಾವಕಾಶ ಕೊಡುತ್ತಾರೆ.

ಗಣಿತ ಶಿಕ್ಷಕಿ, ವಿಜಯಪುರ

ಲಿಖಿತ ಪರೀಕ್ಷೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಪಿಯುಸಿ ಅಂಕ ನೋಡಿ ಸಾಧ್ಯತೆ ಹೇಳುವುದು ಇಲ್ಲಿಯೇ ತಪ್ಪಾಗುವುದು.

ಗಣಿತ 300 ಅಂಕ, ಸಾಮಾನ್ಯ ಸಾಮರ್ಥ್ಯ (ಇಂಗ್ಲಿಷ್, ವಿಜ್ಞಾನ, ಸಾಮಾನ್ಯ ಜ್ಞಾನ) 600 ಅಂಕ, ಒಟ್ಟು 900. ಗಣಿತದಲ್ಲಿ ಎರಡೂವರೆ ಗಂಟೆಗೆ 120 ಪ್ರಶ್ನೆಗಳು. ಅಂದರೆ ಪ್ರಶ್ನೆಯೊಂದಕ್ಕೆ ಒಂದೂಕಾಲು ನಿಮಿಷ. ಪಠ್ಯ ಹೆಚ್ಚುಕಡಿಮೆ ನಮ್ಮ ಪಿಯುಸಿಯದೇ, ಎನ್‌ಸಿಇಆರ್‌ಟಿ ಪುಸ್ತಕದ್ದೇ. ಆದರೆ ಬೋರ್ಡ್ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯನ್ನು ಹಂತಹಂತವಾಗಿ ಬಿಡಿಸಿ ಪೂರ್ಣ ಅಂಕ ಪಡೆಯುವ ಮಕ್ಕಳು ಇಲ್ಲಿ ಅದೇ ಲೆಕ್ಕದ ಮುಂದೆ ನಾಲ್ಕು ನಿಮಿಷ ಕುಳಿತುಬಿಡುತ್ತಾರೆ. ನಾನು ನೋಡಿದ ಜಾಣ ಮಕ್ಕಳಲ್ಲಿ ಹೆಚ್ಚಿನವರು ಸೋತದ್ದು ವೇಗದಲ್ಲಿ.

ಒಂದು ಲೆಕ್ಕ ನೋಡಿ. ಗಣಿತದಲ್ಲಿ ಸರಿಯುತ್ತರಕ್ಕೆ 2.5 ಅಂಕ, ತಪ್ಪಿಗೆ ಅದರ ಮೂರನೆಯ ಒಂದು ಭಾಗ ಕಡಿತ. 70 ಪ್ರಶ್ನೆ ಮುಟ್ಟಿ 50 ಸರಿ, 20 ತಪ್ಪಾದರೆ ಸುಮಾರು 108 ಅಂಕ. ಸಾಮಾನ್ಯ ಸಾಮರ್ಥ್ಯದಲ್ಲಿ 150 ಪ್ರಶ್ನೆಗಳು, ಸರಿಗೆ 4 ಅಂಕ, ತಪ್ಪಿಗೆ 1.33 ಕಡಿತ. 100 ಮುಟ್ಟಿ 65 ಸರಿ, 35 ತಪ್ಪಾದರೆ ಸುಮಾರು 213. ಎರಡೂ ಸೇರಿ 321. ಇತ್ತೀಚಿನ ವರ್ಷಗಳಲ್ಲಿ ಲಿಖಿತ ಪರೀಕ್ಷೆಯ ಕಟ್‌ಆಫ್ ಸುಮಾರು 290ರಿಂದ 360ರ ನಡುವೆ ಓಡಾಡಿದೆ. ಹಾಗಾಗಿ 321 ಗಡಿಯಲ್ಲಿ ನಿಂತ ಅಂಕ: ಒಂದು ವರ್ಷ ಪಾರು, ಇನ್ನೊಂದು ವರ್ಷ ಇಲ್ಲ. ಪ್ರತಿ ವಿಷಯದಲ್ಲೂ ಶೇ 20ರಿಂದ 25ರಷ್ಟು ಕನಿಷ್ಠ ಅಂಕದ ಷರತ್ತು ಇರುವುದರಿಂದ ಗಣಿತವನ್ನು ಪೂರ್ತಿ ಬಿಟ್ಟು ದಾಟಲು ಆಗುವುದಿಲ್ಲ. ಭೂಸೇನೆಗೆ ಕಲಾ ಅಥವಾ ವಾಣಿಜ್ಯ ಓದಿದವರೂ ಅರ್ಹರೇ, ಆದರೆ ಗಣಿತದ ಪತ್ರಿಕೆ ಅವರಿಗೂ ತಪ್ಪಿದ್ದಲ್ಲ.

ಅದೇ ಸಾಮಾನ್ಯ ಸಾಮರ್ಥ್ಯದಲ್ಲಿ 80 ಮಾತ್ರ ಮುಟ್ಟಿ 60 ಸರಿ, 20 ತಪ್ಪು ಮಾಡಿದರೂ ಬರುವುದು ಅಷ್ಟೇ 213. ಕುರುಡು ಊಹೆಯಿಂದ ಏನೂ ದಕ್ಕುವುದಿಲ್ಲ. ನಾಲ್ಕರಲ್ಲಿ ಕನಿಷ್ಠ ಒಂದು ಆಯ್ಕೆಯನ್ನಾದರೂ ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದಾಗ ಮಾತ್ರ ಊಹೆಗೆ ಬೆಲೆ.

ಆದ್ದರಿಂದ ಸರ್, ಒಂದು ಭಾನುವಾರ ಆ ಹುಡುಗನನ್ನು ಕಾಲೇಜಿನಲ್ಲಿ ಕೂರಿಸಿ, ಯುಪಿಎಸ್‌ಸಿ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಹಳೆಯ ಪತ್ರಿಕೆಯೊಂದನ್ನು ಗಡಿಯಾರವಿಟ್ಟು ಬರೆಸಿ. ಮೊಬೈಲ್ ನಿಮ್ಮ ಬಳಿ ಇರಲಿ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ, ಎಡವಿದ್ದು ವಿಷಯದಲ್ಲೋ ಪ್ರಶ್ನೆಯ ಭಾಷೆಯಲ್ಲೋ ಎಂದು ಆಮೇಲೆ ಅವನ ಜೊತೆ ಕುಳಿತು ಗುರುತು ಹಾಕಿ. ಆ ಒಂದು ದಿನದ ಅಂಕ ನಮ್ಮೆಲ್ಲರ ಅಭಿಪ್ರಾಯಕ್ಕಿಂತ ಹೆಚ್ಚು ಹೇಳುತ್ತದೆ.

ಪಿಯು ಉಪನ್ಯಾಸಕ, ಹಾವೇರಿ ಜಿಲ್ಲೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಕಣ್ಣಿನ ಪರೀಕ್ಷೆ, ಹಳೆಯ ಪತ್ರಿಕೆ ಎರಡನ್ನೂ ಇದೇ ತಿಂಗಳು ಮಾಡಿಸುತ್ತೇನೆ. ನನ್ನ ದೊಡ್ಡ ಆತಂಕ ಎಸ್‌ಎಸ್‌ಬಿ ಬಗ್ಗೆ. ಹುಡುಗ ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತಾನೆ, ಇಂಗ್ಲಿಷ್‌ನಲ್ಲಿ ತಡವರಿಸುತ್ತಾನೆ. ಸೈನಿಕ ಶಾಲೆಯವರು, ಸೇನಾಧಿಕಾರಿಗಳ ಮಕ್ಕಳು ಇರುವ ಗುಂಪಿನಲ್ಲಿ ಇವನು ನಿಲ್ಲಬಲ್ಲನೇ?

ಬಿ.ಎಸ್ಸಿ. ವಿದ್ಯಾರ್ಥಿ, ಉಡುಪಿ

ಸರ್, ನಾನು ಲಿಖಿತ ಪರೀಕ್ಷೆ ದಾಟಿ, ಎಸ್‌ಎಸ್‌ಬಿಯ ಮೊದಲ ದಿನವೇ ಸ್ಕ್ರೀನಿಂಗ್‌ನಲ್ಲಿ ಹೊರಬಿದ್ದವನು. ಅಲ್ಲಿ ಏನು ನಡೆಯುತ್ತದೆ ಎಂದು ಹೇಳಬಲ್ಲೆ. ಮೊದಲು ತರ್ಕದ ಪ್ರಶ್ನೆಗಳು. ಆಮೇಲೆ ಮಸುಕಾದ ಒಂದು ಚಿತ್ರವನ್ನು ಮೂವತ್ತು ಸೆಕೆಂಡು ತೋರಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಅದರ ಮೇಲೆ ಕಥೆ ಬರೆಯಬೇಕು. ನಂತರ ಗುಂಪಿನಲ್ಲಿ ಪ್ರತಿಯೊಬ್ಬರೂ ತಮ್ಮ ಕಥೆ ಹೇಳಿ, ಚರ್ಚಿಸಿ ಒಂದು ಸಾಮಾನ್ಯ ಕಥೆಗೆ ಬರಬೇಕು. ನಮ್ಮ ಗುಂಪಿನಲ್ಲಿ ಚರ್ಚೆ ಆರಂಭವಾದ ಕೂಡಲೇ ಎಲ್ಲರೂ ಒಟ್ಟಿಗೆ ಕೂಗಿದರು. ನನ್ನ ಇಂಗ್ಲಿಷ್ ಕಳಪೆಯೇನೂ ಅಲ್ಲ, ಆದರೂ ಆ ಗದ್ದಲದಲ್ಲಿ ನನ್ನ ಮಾತು ಯಾರನ್ನೂ ತಲುಪಲಿಲ್ಲ. ನಮ್ಮ ಗುಂಪಿನಿಂದ ಆಯ್ಕೆಯಾಗಿ ಉಳಿದವರಲ್ಲಿ ಒಬ್ಬ ಹುಡುಗ ಒಡಕು ಇಂಗ್ಲಿಷ್‌ನಲ್ಲೇ, ಎದುರಿದ್ದವನ ಎದೆಯ ಮೇಲಿನ ಸಂಖ್ಯೆ ಕರೆದು, 'ನಿಮ್ಮ ಕಥೆಯ ವೈದ್ಯ ಮತ್ತು ನನ್ನ ಕಥೆಯ ಶಿಕ್ಷಕ ಮಾಡುತ್ತಿರುವ ಕೆಲಸ ಒಂದೇ' ಎಂದು ಎರಡು ಕಥೆಗಳನ್ನು ಜೋಡಿಸಿದ್ದ. ಅವನ ಮಾತಿಗೆ ಉಳಿದವರು ತಿರುಗಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

ನಿವೃತ್ತ ಸೇನಾಧಿಕಾರಿ, ಮೈಸೂರು

ಉಡುಪಿಯ ತಮ್ಮ ಬರೆದ ಆ ಕೊನೆಯ ಸಂಗತಿಯಲ್ಲಿಯೇ ಉಪನ್ಯಾಸಕರ ಪ್ರಶ್ನೆಗೆ ಅರ್ಧ ಉತ್ತರವಿದೆ. ಉಳಿದರ್ಧವನ್ನು ನಾನು ಹೇಳುತ್ತೇನೆ.

ಎಸ್‌ಎಸ್‌ಬಿಯಲ್ಲಿ ಅಭ್ಯರ್ಥಿಯನ್ನು ಮೂವರು ಬೇರೆ ಬೇರೆಯಾಗಿ ಅಳೆಯುತ್ತಾರೆ. ಮನಶ್ಶಾಸ್ತ್ರಜ್ಞರು ಅವನು ಬರೆದದ್ದನ್ನು ಮಾತ್ರ ಓದುತ್ತಾರೆ: ಹನ್ನೆರಡು ಕಥೆಗಳು, ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಪದಗಳಿಗೆ ವಾಕ್ಯ, ಅರ್ಧ ಗಂಟೆಯಲ್ಲಿ ಅರವತ್ತು ಸನ್ನಿವೇಶಗಳಿಗೆ ಪ್ರತಿಕ್ರಿಯೆ, ತನ್ನ ಬಗ್ಗೆ ತಾನೇ ಬರೆದ ಟಿಪ್ಪಣಿ. ಸಂದರ್ಶನಾಧಿಕಾರಿ ಅವನ ಮಾತು ಕೇಳುತ್ತಾರೆ. ಗುಂಪು ಪರೀಕ್ಷಾಧಿಕಾರಿ ಮೈದಾನದಲ್ಲಿ ಹಲಗೆ, ಹಗ್ಗ, ಮರದ ದಿಮ್ಮಿ ಕೊಟ್ಟು ಅವನು ಮಾಡುವುದನ್ನು ನೋಡುತ್ತಾರೆ. ಕೊನೆಯ ದಿನದ ಸಭೆಯವರೆಗೆ ಮೂವರೂ ತಮ್ಮ ತೀರ್ಮಾನವನ್ನು ಪರಸ್ಪರ ಹೇಳಿಕೊಳ್ಳುವುದಿಲ್ಲ. ಮನಸಾ, ವಾಚಾ, ಕರ್ಮಣಾ ಎಂದು ಆಯ್ಕೆ ಮಂಡಳಿಯವರೇ ಈ ಪದ್ಧತಿಯನ್ನು ವಿವರಿಸುತ್ತಾರೆ. ಕಂಠಪಾಠ ಮಾಡಿದ ಕಥೆಗಳು ಇಲ್ಲಿ ಸಿಕ್ಕಿಬೀಳುವುದು ಇದೇ ಕಾರಣಕ್ಕೆ. ಕಾಗದದ ಮೇಲೆ ಧೈರ್ಯವಂತನಾಗಿರುವವನು ಮೈದಾನದಲ್ಲಿ ಹಿಂದೆ ನಿಂತರೆ ಮೂರು ವರದಿಗಳು ಒಂದಕ್ಕೊಂದು ಹೊಂದುವುದಿಲ್ಲ.

ಮಂಡಳಿಗೆ ಇಂತಿಷ್ಟೇ ಜನರನ್ನು ಆರಿಸಬೇಕೆಂಬ ಕೋಟಾ ಇಲ್ಲ. ಒಂದು ತಂಡದಿಂದ ಹತ್ತು ಜನ ಶಿಫಾರಸಾಗಬಹುದು, ಒಬ್ಬರೂ ಆಗದಿರಬಹುದು. ಆದ್ದರಿಂದ ಸೈನಿಕ ಶಾಲೆಯ ಹುಡುಗ ಪಕ್ಕದಲ್ಲಿ ಕುಳಿತರೆ ನಿಮ್ಮ ಹುಡುಗನ ಸ್ಥಾನವನ್ನು ಕಸಿದುಕೊಂಡಂತೆ ಆಗುವುದಿಲ್ಲ. ವಿಜಯಪುರ, ಕೊಡಗಿನ ಕೂಡಿಗೆಯ ಸೈನಿಕ ಶಾಲೆಗಳ ಮತ್ತು ಬೆಳಗಾವಿ, ಬೆಂಗಳೂರಿನ ಮಿಲಿಟರಿ ಶಾಲೆಗಳ ಮಕ್ಕಳಿಗೆ ಅನುಕೂಲವಿರುವುದು ನಿಜ: ಬೆಳಗಿನ ಓಟ, ಗುಂಪಿನಲ್ಲಿ ಬದುಕುವ ರೂಢಿ, ಅಧಿಕಾರಿಗಳ ಮುಂದೆ ಅಂಜದೆ ನಿಲ್ಲುವುದು. ಆದರೆ ಅವು ರೂಢಿಯಿಂದ ಬರುವಂಥವು. ಕಬಡ್ಡಿ ತಂಡದಲ್ಲಿ ಆಡಿದವನಿಗೆ ಅವುಗಳಲ್ಲಿ ಕೆಲವು ಆಗಲೇ ಬಂದಿರುತ್ತವೆ.

ಇಂಗ್ಲಿಷ್ ವಿಚಾರಕ್ಕೆ ಬಂದರೆ, ಉಚ್ಚಾರಣೆಗೆ ಅಂಕವಿಲ್ಲ. ಹೇಳಬೇಕಾದದ್ದು ಎದುರಿನವರಿಗೆ ತಿಳಿಯಬೇಕು, ಅಷ್ಟೇ. ಸಂದರ್ಶನದ ಹೆಚ್ಚಿನ ಪ್ರಶ್ನೆಗಳು ಅಭ್ಯರ್ಥಿ ತಾನೇ ತುಂಬಿದ ವೈಯಕ್ತಿಕ ಮಾಹಿತಿ ನಮೂನೆಯಿಂದಲೇ ಹುಟ್ಟುತ್ತವೆ. ತಂದೆಯ ಉದ್ಯೋಗ ಕೃಷಿ ಎಂದು ಬರೆದವನನ್ನು ಬ್ಯಾಡಗಿ ಮಾರುಕಟ್ಟೆಯ ಬಗ್ಗೆ, ಮೆಣಸಿನಕಾಯಿ ಒಣಗಿಸುವಾಗ ಮಳೆ ಬಂದರೆ ಏನು ಮಾಡುತ್ತೀರಿ ಎಂಬುದರ ಬಗ್ಗೆ, ಜಿಲ್ಲೆಯ ನದಿಗಳ ಬಗ್ಗೆ ಕೇಳುತ್ತಾರೆ. ಕಣದಲ್ಲಿ ಕೆಲಸ ಮಾಡಿದವನಿಗೆ ಇದಕ್ಕೆ ನಿಜವಾದ ಉತ್ತರ ಇರುತ್ತದೆ. ಆ ಉತ್ತರವನ್ನು ಸರಳ ಇಂಗ್ಲಿಷ್‌ನ ಐದಾರು ವಾಕ್ಯಗಳಲ್ಲಿ ಹೇಳುವ ಅಭ್ಯಾಸವನ್ನು ನೀವೇ ದಿನಕ್ಕೆ ಇಪ್ಪತ್ತು ನಿಮಿಷ ಮಾಡಿಸಬಹುದು. ಅದಕ್ಕೆ ಸಾಲ ಮಾಡಬೇಕಿಲ್ಲ.

ನೀವು ಅವನನ್ನು ಅಳೆಯಬೇಕಾದರೆ ಹೀಗೆ ಗಮನಿಸಿ: ತಂಡ ಸೋಲುತ್ತಿರುವಾಗ ಅವನು ಏನು ಮಾಡುತ್ತಾನೆ? ಪ್ರಯೋಗಾಲಯದಲ್ಲಿ ಉಪಕರಣ ಕೈಕೊಟ್ಟರೆ ನಿಮ್ಮನ್ನು ಕರೆಯುವ ಮೊದಲು ತಾನೇ ಏನಾದರೂ ಪ್ರಯತ್ನಿಸುತ್ತಾನೆಯೇ? ಹಿಂದುಳಿದ ಸಹಪಾಠಿಗೆ ಹೇಳಿಕೊಡುತ್ತಾನೆಯೇ? ಅಲ್ಲಿ ನೋಡುವ ಹದಿನೈದು ಗುಣಗಳಲ್ಲಿ ಬಹುಪಾಲು ಇಂಥ ಸಣ್ಣ ಸಂಗತಿಗಳಲ್ಲೇ ಕಾಣಿಸುತ್ತವೆ. ಇವನ್ನು ನಿತ್ಯ ಕಾಣುವ ಅವಕಾಶ ನಮಗಿಂತ ನಿಮಗೆ ಹೆಚ್ಚು.

ಕೆಡೆಟ್ ತಾಯಿ, ಶಿವಮೊಗ್ಗ

ಹೆಣ್ಣುಮಕ್ಕಳ ಪೋಷಕರೂ ಇದನ್ನು ಓದುತ್ತಿರಬಹುದೆಂದು ಒಂದು ಮಾತು ಸೇರಿಸುತ್ತೇನೆ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ನಂತರ ಎನ್‌ಡಿಎ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿದೆ. 2022ರಲ್ಲಿ ಸೇರಿದ ಮೊದಲ ತಂಡದ 17 ಮಂದಿ 2025ರ ಮೇ 30ರಂದು ತೇರ್ಗಡೆಯಾಗಿ ಹೊರಬಂದರು. ಪ್ರಶ್ನೆಪತ್ರಿಕೆ, ಎಸ್‌ಎಸ್‌ಬಿ ಎಲ್ಲವೂ ಒಂದೇ. ಸ್ಥಾನಗಳು ಮಾತ್ರ ಬಹಳ ಕಡಿಮೆ ಇರುವುದರಿಂದ ಹುಡುಗರ ಕಟ್‌ಆಫ್ ನೋಡಿ ನಮ್ಮ ಹುಡುಗಿಯರ ಸಾಧ್ಯತೆ ಲೆಕ್ಕ ಹಾಕಬಾರದು.

ಹಣದ ವಿಷಯವಾಗಿ ಆ ತಂದೆಯವರಿಗೆ ದಯವಿಟ್ಟು ತಿಳಿಸಿ: ಆಯ್ಕೆಯಾದ ಮೇಲೆ ಊಟ, ವಸತಿ, ಪುಸ್ತಕ, ಸಮವಸ್ತ್ರ, ತರಬೇತಿಯ ವೆಚ್ಚವೆಲ್ಲ ಸರ್ಕಾರದ್ದು. ಪೋಷಕರು ಕೈಖರ್ಚು ಮತ್ತು ಕೆಲವು ಆರಂಭಿಕ ವೆಚ್ಚ ನೋಡಿಕೊಂಡರೆ ಸಾಕು. ಆದ್ದರಿಂದ ಸಾಲ ಮಾಡುವ ಪ್ರಸಂಗ ಬಂದರೂ ಅದು ತಯಾರಿಯ ಹಂತದಲ್ಲಿ ಮಾತ್ರ, ಅಲ್ಲಿಯೂ ಅದು ಅನಿವಾರ್ಯವಲ್ಲ ಎಂಬುದು ನಮ್ಮ ಮನೆಯ ಅನುಭವ. ನನ್ನ ಮಗಳು ತರಬೇತಿ ಕೇಂದ್ರಕ್ಕೆ ಹೋಗಲಿಲ್ಲ. ಹಳೆಯ ಪತ್ರಿಕೆಗಳು, ಕನ್ನಡ ಮತ್ತು ಇಂಗ್ಲಿಷ್ ದಿನಪತ್ರಿಕೆ, ಬೆಳಗಿನ ಓಟ ಇಷ್ಟೇ ಅವಳ ತಯಾರಿ. ಗಣಿತದಲ್ಲಿ ನಿಜವಾಗಿ ಹಿಂದಿರುವ ಮಗುವಿಗೆ ಗಣಿತದ ಪಾಠಕ್ಕೆ ಖರ್ಚು ಮಾಡುವುದು ಸರಿ. ವ್ಯಕ್ತಿತ್ವವನ್ನೇ ಮಾರುತ್ತೇವೆ ಎನ್ನುವವರಿಗೆ ಕೊಡುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನೊಂದು ವಿಷಯ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಊರಿನ ಹೆಸರು, ಪಿಯುಸಿಯಲ್ಲಿ ತಂದೆಯ ಹೆಸರು ಹೀಗೆ ನಮ್ಮ ಕಡೆಯ ಮಕ್ಕಳ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ತರಹ ಇರುತ್ತದೆ. ಅರ್ಜಿಗೆ ಮುಂಚೆಯೇ ಅದನ್ನು ಸರಿಪಡಿಸಿಕೊಳ್ಳಿ. ಅರ್ಜಿಯನ್ನೂ ಮೊದಲ ವಾರದಲ್ಲೇ ಹಾಕಿ. ಪರೀಕ್ಷಾ ಕೇಂದ್ರಗಳನ್ನು ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ ಹಂಚುತ್ತಾರೆ, ತಡವಾದರೆ ಧಾರವಾಡ ಬಿಟ್ಟು ದೂರದ ಊರು ಸಿಗಬಹುದು.

ಗಣಿತ ಶಿಕ್ಷಕಿ, ವಿಜಯಪುರ

ಶಿವಮೊಗ್ಗದ ಮೇಡಂ ಹೇಳಿದ್ದಕ್ಕೆ ಪೂರಕವಾಗಿ: ಇದೇ ವಯಸ್ಸಿನಲ್ಲಿ ಇನ್ನೂ ಎರಡು ದಾರಿಗಳಿವೆ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಒಟ್ಟು ಶೇ 60 ಅಂಕ ಪಡೆದು ಜೆಇಇ ಮೇನ್ ಬರೆದವರು ಭೂಸೇನೆಯ ಟೆಕ್ನಿಕಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಅಲ್ಲಿ ಯುಪಿಎಸ್‌ಸಿ ಪರೀಕ್ಷೆ ಇಲ್ಲ, ಎಸ್‌ಎಸ್‌ಬಿ ಇದೆ. ನೌಕಾಪಡೆಯ ಬಿ.ಟೆಕ್. ಪ್ರವೇಶಕ್ಕೂ ಜೆಇಇ ಮೇನ್ ರ‍್ಯಾಂಕ್ ಆಧಾರ, ಆದರೆ ಕಣ್ಣಿನ ಮಿತಿ ನೋಡಿಕೊಳ್ಳಬೇಕು. ಆದ್ದರಿಂದ ಈ ಹುಡುಗ ಜೆಇಇ ಮೇನ್ ಅರ್ಜಿಯನ್ನು ತಪ್ಪಿಸಬಾರದು. ಪದವಿಯ ನಂತರ ಸೇನಾಧಿಕಾರಿಯಾಗಲು ಯುಪಿಎಸ್‌ಸಿಯ ಸಿಡಿಎಸ್ ಪರೀಕ್ಷೆ ಇದ್ದೇ ಇದೆ.

ಪಿಯು ಉಪನ್ಯಾಸಕ, ಹಾವೇರಿ ಜಿಲ್ಲೆ

ಎರಡೂ ಕೆಲಸ ಆಯಿತು. ಕಣ್ಣು: ಎರಡಕ್ಕೂ ಮೈನಸ್ 1.25, ಕನ್ನಡಕದೊಂದಿಗೆ ದೃಷ್ಟಿ ಪೂರ್ಣ, ಬಣ್ಣದ ಪರೀಕ್ಷೆ ಸರಿ. ಪಾದ, ಮೊಣಕಾಲು, ಕಿವಿಯಲ್ಲಿ ತೊಂದರೆ ಕಾಣಲಿಲ್ಲ. ಹಳೆಯ ಪತ್ರಿಕೆ: ಗಣಿತದಲ್ಲಿ 62 ಮುಟ್ಟಿ 38 ಸರಿ, ಅಂದರೆ 75 ಅಂಕ. ಸಾಮಾನ್ಯ ಸಾಮರ್ಥ್ಯದಲ್ಲಿ 96 ಮುಟ್ಟಿ 60 ಸರಿ, ಅಂದರೆ 192. ಒಟ್ಟು 267. ಗಣಿತದ 24 ತಪ್ಪುಗಳಲ್ಲಿ ಒಂಬತ್ತು ಪ್ರಶ್ನೆಯ ಇಂಗ್ಲಿಷ್ ಅರ್ಥವಾಗದೆ ಆದವು ಎಂದು ಅವನೇ ಗುರುತು ಹಾಕಿದ. ವಿಮಾನ ಹಾರಿಸುವ ಆಸೆಯಿತ್ತು. ಅದಿಲ್ಲ ಎಂದು ತಿಳಿದಾಗ ಒಂದು ದಿನ ಮಂಕಾಗಿದ್ದ. ಮರುದಿನ ಭೂಸೇನೆಯ ಬಗ್ಗೆ ಪ್ರಶ್ನೆಗಳ ಪಟ್ಟಿ ಬರೆದುಕೊಂಡು ಬಂದ. ತರಬೇತಿ ಕೇಂದ್ರದ ಹಣದ ಮಾತನ್ನು ತಂದೆ ಕೈಬಿಟ್ಟಿದ್ದಾರೆ. ಈಗ ಸಾಧ್ಯತೆಯನ್ನು ಹೇಗೆ ಹೇಳುತ್ತೀರಿ?

ನಿವೃತ್ತ ಸೇನಾಧಿಕಾರಿ, ಮೈಸೂರು

ಈಗ ಹೇಳಬಹುದು. ವಯಸ್ಸು, ದೇಹ, ವಿದ್ಯಾರ್ಹತೆ ಭೂಸೇನೆಯ ಮಟ್ಟಿಗೆ ಸರಿಯಿವೆ. ಲಿಖಿತದಲ್ಲಿ ಗಡಿಗಿಂತ ಕೆಳಗಿದ್ದಾನೆ, ಆದರೆ ದೂರದಲ್ಲಿಲ್ಲ. ಗಣಿತದಲ್ಲಿ ಹತ್ತು ಪ್ರಶ್ನೆ ಹೆಚ್ಚು ಸರಿಯಾಗಿ, ತಪ್ಪು ಅರ್ಧಕ್ಕೆ ಇಳಿದರೆ 300 ದಾಟುತ್ತದೆ. ಮಾರ್ಚ್ ಹೊತ್ತಿಗೆ ಬೋರ್ಡ್ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ ಇರುವುದರಿಂದ 2026ರ ಏಪ್ರಿಲ್‌ನಲ್ಲಿ ದಾಟುವುದು ಕಷ್ಟ, ಆದರೂ ಬರೆಯಲೇಬೇಕು. ಸೆಪ್ಟೆಂಬರ್ ಪ್ರಯತ್ನದಲ್ಲಿ ಅವನಿಗೆ ಒಳ್ಳೆಯ ಅವಕಾಶವಿದೆ.

ಅಂತಿಮ ಪಟ್ಟಿಗೆ ಲಿಖಿತದ 900 ಮತ್ತು ಎಸ್‌ಎಸ್‌ಬಿಯ 900 ಸೇರಿಸುತ್ತಾರೆ. ಇತ್ತೀಚೆಗೆ ಅಂತಿಮ ಕಟ್‌ಆಫ್ ಸುಮಾರು 650ರಿಂದ 725ರ ಆಸುಪಾಸಿನಲ್ಲಿದೆ. ಲಿಖಿತದಲ್ಲಿ 300 ಬಂದರೆ ಮಂಡಳಿಯಿಂದ 350ಕ್ಕೂ ಹೆಚ್ಚು ಬೇಕು; 380 ಬಂದರೆ ಆ ಹೊರೆ ಅಷ್ಟು ಹಗುರ. ಆ ಪಟ್ಟಿ ಪ್ರಕಟವಾಗುವಾಗ ವೈದ್ಯಕೀಯ ಫಲಿತಾಂಶವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ, ಆದ್ದರಿಂದ ಪಟ್ಟಿಯ ಕೆಳಭಾಗದಲ್ಲಿರುವವರಿಗೂ ಕೆಲವೊಮ್ಮೆ ಕರೆ ಬರುತ್ತದೆ.

ಅರ್ಜಿಯಲ್ಲಿ ಆದ್ಯತೆಯ ಕ್ರಮ ತುಂಬುವಾಗ ಭೂಸೇನೆಯನ್ನು ಮೊದಲು ಹಾಕಿಸಿ. ಒಟ್ಟು ಸುಮಾರು 400 ಸ್ಥಾನಗಳಲ್ಲಿ 208 ಅದರವೇ. ಜೆಇಇ ಮೇನ್ ಅರ್ಜಿಯ ಕೊನೆಯ ದಿನಾಂಕ ಹತ್ತಿರವಿದೆ, ಅದನ್ನು ಈ ವಾರವೇ ಮುಗಿಸಿ. ಪ್ರಶ್ನೆಯ ಇಂಗ್ಲಿಷ್ ಅರ್ಥವಾಗದ ಆ ಒಂಬತ್ತು ಲೆಕ್ಕಗಳನ್ನು ಇಲ್ಲಿ ಹಾಕಿದರೆ ವಿಜಯಪುರದ ಮೇಡಂ ಅವರೂ ನಾನೂ ನೋಡುತ್ತೇವೆ.